ತನಿಗೆ ಎದ್ದು ಹೋದ ಗೆಳೆಯ

ಸಂಜಯ್ ಸುಬ್ರಹ್ಮಣ್ಯನ್ ಕಛೇರಿ ಅಂದ್ರೆ ನನಗೂ ನನ್ನ ಗೆಳೆಯನಿಗೂ ವರ್ಷದ ಹಬ್ಬ. ಪಿಜಿಯಲ್ಲಿದ್ದಾಗ ಒಂದೇ ಇಯರ್‌ಫೋನನ್ನು ಒಂದೊಂದು ಕಿವಿಗೆ ಸಿಕ್ಕಿಸಿಕೊಂಡು ಅವರ ತೋಡಿ ಕೇಳಿದವರು ನಾವು. ಈಗ ಅವನಿಗೆ ಮದುವೆಯಾಗಿದೆ, ನನ್ನ ಆಫೀಸು ಊರಿನ ಇನ್ನೊಂದು ತುದಿಗಿದೆ. ಭೇಟಿ ಅಂತ ಗ್ಯಾರಂಟಿ ಆಗೋದು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ. ಅಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ಇದೆಯಲ್ಲ, ಅದರಲ್ಲಿ.

ಗೆಳೆಯ ಚಿಕ್ಕಂದಿನಲ್ಲಿ ಆರು ವರ್ಷ ಮೃದಂಗ ಕಲಿತವನು. ಆಮೇಲೆ ಪಿಯುಸಿ, ಸಿಇಟಿ ಅಂತ ಬಿಟ್ಟ. "ಸಂಜಯ್ ಸಿಎ ಓದಿದವರು ಕಣೋ, ಆದ್ರೂ ಹಾಡೋದು ಬಿಡಲಿಲ್ಲ" ಅಂತ ಪ್ರತಿ ವರ್ಷ ಒಂದ್ಸಲ ಹೊಟ್ಟೆ ಉರ್ಕೋತಾನೆ.

ಅವನದೊಂದು ಕಟ್ಟಳೆ ಇದೆ. ತನಿ ಆವರ್ತನಕ್ಕೆ ಎದ್ದು ಹೋಗಬಾರದು. ಮುಖ್ಯ ಕೃತಿ ಮುಗಿಯುವ ಹೊತ್ತಿಗೆ ಗಾಯಕರು ಸುಮ್ಮನಾಗಿ, ಪಿಟೀಲೂ ನಿಂತು, ಮೃದಂಗ, ಘಟಗಳಿಗಷ್ಟೇ ವೇದಿಕೆ ಬಿಟ್ಟುಕೊಡುವ ಹತ್ತು ಹದಿನೈದು ನಿಮಿಷ ಅದು. ಸರಿಯಾಗಿ ಆಗಲೇ ಅರ್ಧ ಸಭೆಗೆ ಕಾಫಿ ನೆನಪಾಗುತ್ತೆ. "ನೀನು ಡೆಮೊ ಕೊಡುವಾಗ ಎಲ್ಲಾ ಎದ್ದು ಟೀಗೆ ಹೋದ್ರೆ ಹೇಗಿರುತ್ತೆ?" ಅಂತ ನನ್ನನ್ನು ಒಮ್ಮೆ ಬೈದು ಕೂರಿಸಿದ್ದ. ಅವತ್ತಿನಿಂದ ನಾನೂ ಎದ್ದಿಲ್ಲ.

ಈ ಸಲ ಎಸ್. ವರದರಾಜನ್ ಪಿಟೀಲು, ನೈವೇಲಿ ವೆಂಕಟೇಶ್ ಮೃದಂಗ. ಸಂಜಯ್ ನಾಗಸ್ವರದ ವಿದ್ವಾಂಸರ ಹತ್ತಿರವೂ ಪಾಠ ಹೇಳಿಸಿಕೊಂಡವರು. ಆಲಾಪನೆಯಲ್ಲಿ ಆ ಉದ್ದುದ್ದ ಉಸಿರು ಬಂದಾಗ ಮಾರ್ಕೆಟ್ ಕಡೆಯ ಹಾರ್ನ್‌ಗಳೂ ಕೇಳಿಸಲ್ಲ. ಮುಖ್ಯ ಕೃತಿ ತೋಡಿಯೇ. ಖುಷಿಯಿಂದ ಗೆಳೆಯನ ಕಡೆ ತಿರುಗಿದೆ. ಅವನು ವೇದಿಕೆ ನೋಡ್ತಿರಲಿಲ್ಲ.

ತನಿ ಶುರುವಾಯ್ತು. ಅವನು ಎದ್ದು ಹೊರಟೇಬಿಟ್ಟ.

ಎರಡು ನಿಮಿಷ ಕಾದು ನಾನೂ ಎದ್ದೆ. ಪೆಂಡಾಲಿನ ಹೊರಗೆ ಕಾಫಿ ಕಪ್ ಹಿಡಿದು ನಿಂತಿದ್ದ, ಕುಡಿದಿರಲಿಲ್ಲ. "ನನ್ನ ತೆಗೆದುಬಿಟ್ರು ಕಣೋ. ಮೂರು ವಾರ ಆಯ್ತು" ಅಂದ. ಹದಿನೈದು ನಿಮಿಷದ ವಿಡಿಯೋ ಕಾಲ್, ಸಂಜೆಯೊಳಗೆ ಲ್ಯಾಪ್‌ಟಾಪ್ ಲಾಕ್. ಹೆಂಡತಿಗೆ ಹೇಳಿಲ್ಲ. ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಡಬ್ಬಿ ತಗೊಂಡು ಹೊರಡ್ತಾನೆ, ಕಬ್ಬನ್ ಪಾರ್ಕಿನ ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕ್ತಾನೆ.

ನನಗೆ ಥಟ್ಟನೆ ನೆನಪಾಯ್ತು. ಹದಿನೈದು ದಿನದ ಹಿಂದೆ ಇವನದೊಂದು ಮೆಸೇಜು: 'ನಿಮ್ಮಲ್ಲಿ ಓಪನಿಂಗ್ ಇದ್ಯಾ? ಕಸಿನ್ ಒಬ್ಬನಿಗೆ.' ಮೀಟಿಂಗ್‌ನಲ್ಲಿದ್ದೆ. ಹೆಬ್ಬೆರಳಿನ ಇಮೋಜಿ ಒತ್ತಿ ಮರೆತೇಬಿಟ್ಟಿದ್ದೆ. ಅವನಿಗೆ ಅಂಥ ಕಸಿನ್ ಇಲ್ಲ ಅನ್ನೋದು ಎಂಟು ವರ್ಷದ ಗೆಳೆತನದಲ್ಲಿ ನನಗೆ ಗೊತ್ತಿರಬೇಕಿತ್ತು.

ಹೇಳ್ತಾ ಹೇಳ್ತಾ ಅವನ ಬಲಗೈ ತೊಡೆ ಮೇಲೆ ತಾಳ ಹಾಕ್ತಾನೇ ಇತ್ತು. ಇಎಂಐ ಲೆಕ್ಕದ ನಡುವೆ "ತಡಿ" ಅಂತ ಬೆರಳೆತ್ತಿದ. ಒಳಗೆ ಮುಕ್ತಾಯ ಶುರುವಾಗಿತ್ತು. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ಮೃದಂಗವೂ ಘಟವೂ ಅವನ ಕೈಯೂ ಒಟ್ಟಿಗೇ ಬಂದು ಕೂತವು. ಸಂಜಯ್ ಮತ್ತೆ ಸಾಹಿತ್ಯ ಎತ್ತಿಕೊಂಡರು. "ಐದನೇ ತಾರೀಕು ಕಟ್ಟಬೇಕು" ಅಂತ ಅವನೂ ಬಿಟ್ಟಲ್ಲಿಂದ ಎತ್ತಿಕೊಂಡ. ಕಾಫಿ ಆರಿಹೋಗಿತ್ತು.

ಒಳಗೆ ಹೋಗಿ ಮಂಗಳದ ತನಕ ಕೂತೆವು. ಮೆಟ್ರೋದಲ್ಲಿ "ರೆಸ್ಯೂಮೆ ಕಳಿಸು" ಅಂದೆ. "ಯಾರ್ದು, ಕಸಿನ್‌ದಾ?" ಅಂದ. ಅವತ್ತು ಅವನು ನಕ್ಕಿದ್ದು ಅದೊಂದೇ ಸಲ. "ಮೊದ್ಲು ಅವಳಿಗೆ ಹೇಳು ಮಾರಾಯ" ಅಂದಿದ್ದಕ್ಕೆ ಉತ್ತರ ಕೊಡದೆ ಬನಶಂಕರಿಯಲ್ಲಿ ಇಳಿದು ಹೋದ.

ರಾತ್ರಿ ಒಂದು ಗಂಟೆಗೆ ಮೆಸೇಜು: 'ಹೇಳ್ದೆ. ಎದ್ದಿದೀಯಾ?'

ಎದ್ದಿದ್ದೆ. ಅವನ ರೆಸ್ಯೂಮೆಯಲ್ಲಿ ಫೋನ್ ನಂಬರು ಹಳೇದಿತ್ತು, ಸರಿ ಮಾಡ್ತಾ ಕೂತಿದ್ದೆ.