ಚಲಚ್ಚಿತ್ರ ಪ್ರಶಸ್ತಿಗಳು: ಜನಮನ್ನಣೆಯೋ, ರಸಜ್ಞರ ಮನ್ನಣೆಯೋ?

2022ರ ಚಿತ್ರಗಳಿಗೆ ಸಂಬಂಧಿಸಿದ 70ನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳು 2024ರ ಆಗಸ್ಟ್ ತಿಂಗಳಲ್ಲಿ ಪ್ರಕಟವಾದಾಗ, ಪರಸ್ಥಳದಲ್ಲಿರುವ ಕನ್ನಡಿಗರು ಹಿಗ್ಗಿದುದು ಸಹಜವೇ ಆಗಿತ್ತು. ‘ಕಾಂತಾರ’ವು ಸದಭಿರುಚಿಯ ಮನರಂಜನೆಯನ್ನು ನೀಡಿದ ಅತ್ಯುತ್ತಮ ಜನಪ್ರಿಯ ಚಿತ್ರವೆನಿಸಿತು. ಅದರ ನಿರ್ದೇಶಕರೂ ನಾಯಕರೂ ಆದ, ಕುಂದಾಪುರ ಸೀಮೆಯ ಶ್ರೀ ರಿಷಭ್ ಶೆಟ್ಟಿಯವರಿಗೆ ಅತ್ಯುತ್ತಮ ನಟರೆಂಬ ಗೌರವವು ಸಂದಿತು. ‘ಕೆ.ಜಿ.ಎಫ್. ಚಾಪ್ಟರ್ 2’ ಅತ್ಯುತ್ತಮ ಕನ್ನಡ ಚಿತ್ರದ ಪ್ರಶಸ್ತಿಯನ್ನು ಪಡೆಯಿತು. ಎರಡೂ ದೇಶದ ಉದ್ದಗಲಕ್ಕೂ ಹಣದ ಹೊಳೆಯನ್ನೇ ಹರಿಸಿದ ಚಿತ್ರಗಳು. ಇಂತಿರಲು, ಗಲ್ಲಾಪೆಟ್ಟಿಗೆಯನ್ನು ಗೆದ್ದ ಚಿತ್ರಕ್ಕೆ ಸರ್ಕಾರದ ಪದಕವೂ ಸಲ್ಲಬೇಕೆ, ಅಥವಾ ರಸಜ್ಞರು ಮೆಚ್ಚಿಯೂ ಜನರ ಕಣ್ಣಿಗೆ ಬೀಳದೆ ಉಳಿದ ಚಿತ್ರಕ್ಕೆ ಅದು ಮೀಸಲಾಗಬೇಕೆ, ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಒಂದು ಪಕ್ಷದವರು ಹೇಳುವುದಿಷ್ಟು: ಜನತೆಯ ತೆರಿಗೆಯ ಹಣದಿಂದ ಕೊಡುವ ಪ್ರಶಸ್ತಿಯು ಜನತೆ ಮೆಚ್ಚಿದ ಚಿತ್ರಕ್ಕೇ ಸಲ್ಲಬೇಕು, ಕೆಲವೇ ತೀರ್ಪುಗಾರರು ಕೋಣೆಯೊಳಗೆ ಕುಳಿತು, ಯಾರೂ ಕಾಣದ ಚಿತ್ರವನ್ನು ಶ್ರೇಷ್ಠವೆನ್ನುವುದು ಪ್ರೇಕ್ಷಕನಿಗೆ ಮಾಡುವ ಅವಮಾನ. ಪ್ರತಿಪಕ್ಷದವರ ಉತ್ತರವೂ ಅಷ್ಟೇ ಖಾರವಾಗಿದೆ. ಗೆದ್ದ ಚಿತ್ರವು ತನ್ನ ಬಹುಮಾನವನ್ನು ಟಿಕೇಟಿನ ರೂಪದಲ್ಲಿ ಆಗಲೇ ಪಡೆದಿದೆ. ಉಂಡವನಿಗೇ ಮತ್ತೆ ಎಲೆ ಹಾಕುವುದೇಕೆ?

ನಮ್ಮ ಸರ್ಕಾರವು ಇದಕ್ಕೆ ಮಧ್ಯಮ ಮಾರ್ಗವೊಂದನ್ನು ಹಿಡಿಯಿತು. 1954ರಲ್ಲಿ ಪ್ರಶಸ್ತಿಗಳು ಆರಂಭವಾದಾಗ ರಾಷ್ಟ್ರಪತಿಗಳ ಸುವರ್ಣ ಪದಕವು ಆಚಾರ್ಯ ಅತ್ರೆಯವರ ಮರಾಠಿ ಚಿತ್ರ ‘ಶ್ಯಾಮ್‌ಚಿ ಆಯಿ’ಗೆ ದೊರೆಯಿತು. ಮುಂದೆ 1975ರ ಚಿತ್ರಗಳ ಸಾಲಿನಲ್ಲಿ ಜನಪ್ರಿಯ ಚಿತ್ರಕ್ಕೆಂದೇ ಬೇರೊಂದು ಪ್ರಶಸ್ತಿಯನ್ನು ಏರ್ಪಡಿಸಿ, ಮೊದಲನೆಯದನ್ನು ಹಿಂದಿಯ ‘ತಪಸ್ಯಾ’ಕ್ಕೆ ಕೊಟ್ಟರು. ಅದೇ ಸಾಲಿನಲ್ಲಿ ದೇಶದ ಅತ್ಯುತ್ತಮ ಚಿತ್ರವೆನಿಸಿದುದು, ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ ನಮ್ಮ ‘ಚೋಮನ ದುಡಿ’. ಹೊಸ ಪ್ರಶಸ್ತಿಯ ಹೆಸರಿನಲ್ಲಿ ‘ಜನಪ್ರಿಯ’ದ ಜೊತೆಗೆ ‘ಸದಭಿರುಚಿ’ ಎಂಬ ಮಾತನ್ನೂ ಸೇರಿಸಿದುದು ಗಮನಾರ್ಹ. ಹಣವನ್ನು ಎಣಿಸಿದರೆ ಸಾಲದು, ರುಚಿಯನ್ನೂ ನೋಡಬೇಕು ಎಂಬುದೇ ಅದರ ಅರ್ಥ.

ಅಮೇರಿಕೆಯ ಅನುಭವವೂ ಬೋಧಪ್ರದವಾಗಿದೆ. 1929ರ ಪ್ರಥಮ ಆಸ್ಕರ್ ಸಮಾರಂಭದಲ್ಲಿ ಎರಡು ಪ್ರಧಾನ ಪ್ರಶಸ್ತಿಗಳಿದ್ದವು. ಶ್ರೇಷ್ಠ ಚಿತ್ರವೆಂದು ‘ವಿಂಗ್ಸ್’, ಕಲಾತ್ಮಕ ಚಿತ್ರವೆಂದು ‘ಸನ್‌ರೈಸ್’ ಗೌರವ ಪಡೆದವು. ಮರುವರ್ಷವೇ ಕಲಾತ್ಮಕ ಚಿತ್ರದ ಪ್ರಶಸ್ತಿಯನ್ನು ಕೈಬಿಟ್ಟರು. ಸುಮಾರು ತೊಂಬತ್ತು ವರ್ಷಗಳ ತರುವಾಯ, 2018ರ ಆಗಸ್ಟಿನಲ್ಲಿ, ಜನಪ್ರಿಯ ಚಿತ್ರಕ್ಕೆ ಪ್ರತ್ಯೇಕ ಪ್ರಶಸ್ತಿ ಕೊಡುವುದಾಗಿ ಸಾರಿ, ಟೀಕೆಗಳ ಸುರಿಮಳೆಯಾದೊಡನೆ ತಿಂಗಳೊಪ್ಪತ್ತಿನಲ್ಲಿ ಆ ಯೋಜನೆಯನ್ನು ಮುಂದೂಡಿದರು. ಪಂಕ್ತಿಯನ್ನು ಎರಡಾಗಿ ಸೀಳಿದರೆ ಯಾವುದೋ ಒಂದು ಪಂಕ್ತಿಯವರು ತಮ್ಮನ್ನು ಕೀಳಾಗಿ ಕಂಡರೆಂದು ನೋಯುವುದು ತಪ್ಪದು.

ನಮ್ಮ ವಾಚಕರಲ್ಲಿ ಬಹುಮಂದಿ ಹೋಟೆಲಿನ ಗಲ್ಲಾ, ಅಡಿಗೆಮನೆ, ಇಲ್ಲವೆ ಕಚೇರಿಯ ಲೆಕ್ಕದ ಪುಸ್ತಕಗಳೊಡನೆ ಬಾಳುವವರು. ರೈಲು ನಿಲ್ದಾಣದೆದುರಿನ ಹೋಟೆಲಿನಲ್ಲಿ ಗಿರಾಕಿಗಳು ಕಿಕ್ಕಿರಿಯುವುದು ಸಾಂಬಾರಿನ ರುಚಿಗಿಂತ ಸ್ಥಳದ ಮಹಿಮೆಯಿಂದ ಎಂಬುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಗಲ್ಲಿಯೊಳಗಿನ ಖಾನಾವಳಿಯು ಬರಿದಾಗಿದೆಯೆಂದ ಮಾತ್ರಕ್ಕೆ ಅಲ್ಲಿನ ಅಡಿಗೆಯು ಶ್ರೇಷ್ಠವೆಂದೂ ಆಗದು. ‘ಕೆ.ಜಿ.ಎಫ್.’ನ ಎರಡನೆಯ ಭಾಗವು 2022ರ ಏಪ್ರಿಲ್ 14ರಂದು ಏಕಕಾಲಕ್ಕೆ ಐದು ಭಾಷೆಗಳಲ್ಲಿ ತೆರೆಕಂಡಿತು. ‘ಕಾಂತಾರ’ವಾದರೋ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ಬಂದು, ನೋಡಿದವರ ಬಾಯಿಮಾತಿನಿಂದಲೇ ಹೆಸರು ಗಳಿಸಿ, ಎರಡು ವಾರಗಳ ಬಳಿಕ ಹಿಂದಿ, ತೆಲುಗು ಪ್ರೇಕ್ಷಕರನ್ನು ಮುಟ್ಟಿತು. ಎರಡೂ ಜನಪ್ರಿಯವೇ, ಆದರೆ ಜನಪ್ರಿಯತೆಯು ಬಂದ ದಾರಿಗಳು ಬೇರೆ. ಗಲ್ಲಾಪೆಟ್ಟಿಗೆಯು ಹಣವನ್ನು ಎಣಿಸಬಲ್ಲುದು. ಆ ಹಣವು ಬಂದ ಕಾರಣವನ್ನು ತಿಳಿಸಲಾರದು. ಅದಕ್ಕಾಗಿಯೇ ತೀರ್ಪುಗಾರರು ಬೇಕು.

ಪ್ರಶಸ್ತಿಯ ನಿಜವಾದ ಪ್ರಯೋಜನವು ಕಾಲಾಂತರದಲ್ಲಿ ತಿಳಿಯುತ್ತದೆ. ‘ಸಂಸ್ಕಾರ’ಕ್ಕೆ ಮೊದಲು ಸೆನ್ಸಾರ್ ಮಂಡಳಿಯ ನಿಷೇಧವೇ ಎದುರಾಗಿತ್ತು, ಬಳಿಕ ಅದೇ 1970ರ ಅತ್ಯುತ್ತಮ ಭಾರತೀಯ ಚಿತ್ರವಾಯಿತು. 1977ರಲ್ಲಿ ಅದೇ ಗೌರವವನ್ನು ಪಡೆದ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ನವೀಕರಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ವಾರದ ಗಳಿಕೆಯನ್ನಷ್ಟೇ ಅಳತೆಗೋಲಾಗಿ ಹಿಡಿದಿದ್ದರೆ ಇಂತಹ ಕೃತಿಗಳ ಹೆಸರು ಇಷ್ಟು ಕಾಲ ಉಳಿಯುತ್ತಿತ್ತೆ?

ಆದುದರಿಂದ ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ಜನಪ್ರಿಯತೆಯು ಅನರ್ಹತೆಯಲ್ಲ, ಅದೇ ಅರ್ಹತೆಯೂ ಅಲ್ಲ. ರಿಷಭರಿಗೆ ನಟನ ಪ್ರಶಸ್ತಿಯು ದೊರೆತುದು ಟಿಕೇಟುಗಳ ಎಣಿಕೆಯಿಂದಲ್ಲ, ಅಭಿನಯದ ತೂಕದಿಂದ. ಅದು ಯೋಗ್ಯವಾದ ಕ್ರಮ. ಆದರೆ ಕನ್ನಡ ಭಾಷೆಯ ಪ್ರಶಸ್ತಿಯ ವಿಷಯದಲ್ಲಿ ಎಚ್ಚರ ಅವಶ್ಯ. ಸಣ್ಣ ಬಂಡವಾಳದ ಚಿತ್ರಕ್ಕೆ ರಾಷ್ಟ್ರಮಟ್ಟದಲ್ಲಿ ಸುಲಭವಾಗಿ ತೆರೆಯುವ ಬಾಗಿಲು ಅದೊಂದೇ. 2018ರಿಂದ 2020ರವರೆಗಿನ ಚಿತ್ರಗಳಲ್ಲಿ ಕ್ರಮವಾಗಿ ‘ನಾತಿಚರಾಮಿ’, ‘ಅಕ್ಷಿ’, ‘ಡೊಳ್ಳು’ ಅದನ್ನು ಪಡೆದವು. ತರುವಾಯದ ಎರಡು ವರ್ಷ ‘777 ಚಾರ್ಲಿ’ ಮತ್ತು ‘ಕೆ.ಜಿ.ಎಫ್. ಚಾಪ್ಟರ್ 2’ ಎಂಬ ಗೆದ್ದ ಚಿತ್ರಗಳಿಗೇ ಅದು ಸಂದಿತು. 2023ರ ಚಿತ್ರಗಳಲ್ಲಿ ‘ಕಂದೀಲು’ ಅದನ್ನು ಪಡೆದುದು ಸಮಾಧಾನದ ಸಂಗತಿ. ಜನಪ್ರಿಯ ಚಿತ್ರಕ್ಕೆ ಪ್ರತ್ಯೇಕ ಪೀಠವಿರುವಾಗ, ಸಮಾನ ಗುಣದ ಎರಡು ಚಿತ್ರಗಳು ಎದುರಿಗೆ ಬಂದರೆ, ಪೀಠವಿಲ್ಲದವನನ್ನು ಕೂರಿಸುವುದೇ ನ್ಯಾಯ.

ಇಷ್ಟರಿಂದಲೇ ಕರ್ತವ್ಯವು ಮುಗಿಯಲಿಲ್ಲ. ಪದಕ ಪಡೆದ ಚಿತ್ರವನ್ನು ಜನರು ನೋಡುವುದಿಲ್ಲವೆಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಅದು ಜನರ ಬಳಿಗೆ ಬರುವುದೇ ಇಲ್ಲವೆಂಬುದು ಉಳಿದರ್ಧ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸುವ ಮಾಣಿಗೆ ಚಿತ್ರೋತ್ಸವದ ಪಾಸು ಎಲ್ಲಿಂದ ಬರಬೇಕು? ಹಿಂದೆ ದೂರದರ್ಶನವು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿವಿಜೇತ ಚಿತ್ರಗಳನ್ನು ಪ್ರಸಾರ ಮಾಡುತ್ತಿದ್ದುದನ್ನು ಹಿರಿಯ ವಾಚಕರು ಮರೆತಿರಲಾರರು. ಸರ್ಕಾರವು ಪದಕದೊಡನೆ ಪ್ರದರ್ಶನದ ಹೊಣೆಯನ್ನೂ ಹೊರಲಿ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಂತೆ ಸ್ವಂತ ಸಭಾಗೃಹವುಳ್ಳ ಹೊರನಾಡ ಸಂಸ್ಥೆಗಳು ವರ್ಷಕ್ಕೆ ನಾಲ್ಕು ಚಿತ್ರಗಳನ್ನಾದರೂ, ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು ಸಂಜೆಯ ಕಾಫಿಯ ಹೊತ್ತು ಬರುವುದರೊಳಗೆ, ಅಲ್ಪ ದರದಲ್ಲಿ ತೋರಿಸಲಿ. ದುಡಿಯುವವನಿಗೆ ನೋಡುವ ಅವಕಾಶವನ್ನೇ ಕೊಡದೆ, ಅವನ ಅಭಿರುಚಿಯ ಮೇಲೆ ತೀರ್ಪು ಕೊಡುವ ಅಧಿಕಾರ ಯಾವ ಪಕ್ಷದವರಿಗೂ ಇಲ್ಲ.