ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಝೂ ಬೇಡವೇ?



ರಜೆ ಬಂತೆಂದರೆ ಸಾಕು, ನಮ್ಮ ಕಡೆಯ ಮಕ್ಕಳಿಗೆಲ್ಲ ಮೈಸೂರಿನ ಮೃಗಾಲಯದ್ದೇ ಜಪ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಶುರುವಾದ ಈ ‘ಝೂ’ವನ್ನು ನಾವೂ ನೋಡಿದ್ದೇವೆ, ನಮ್ಮ ಅಮ್ಮಂದಿರೂ ನೋಡಿದ್ದಾರೆ. ಇಡೀ ಸಂಸಾರ ಬೆಳಿಗ್ಗೆಯೇ ಎದ್ದು ಬಸ್ಸು ಹತ್ತುವ ಸಂಭ್ರಮವೇ ಸಂಭ್ರಮ! ಆದರೆ ನಿಮ್ಮ ಬೀದಿಯಲ್ಲೇ ಒಂದು ಮನೆ ಇರಬಹುದು, ಅಲ್ಲಿಂದ ಯಾರೂ ಎಲ್ಲಿಗೂ ಹೊರಡುವುದಿಲ್ಲ. ಕೇಳಿದರೆ, “ನಮ್ಮ ಮಗು ಸ್ವಲ್ಪ ಹಟಮಾರಿ ಕಣ್ರೀ, ಜನ ಇರೋ ಕಡೆ ಆಗೋಲ್ಲ” ಎಂದು ಮಾತು ತೇಲಿಸುತ್ತಾರೆ. ಈ ಸಲ ಅಂಥ ಮನೆಯವರ ಜೊತೆ ನನ್ನ ಮಾತು. ಮಿಕ್ಕವರೂ ಓದಿ, ನಿಮಗೂ ಇದರಲ್ಲಿ ಕೆಲಸವಿದೆ.

ಅರಸೀಕೆರೆಯಲ್ಲಿರುವ ನನ್ನ ತಂಗಿಯ ಮನೆಯೂ ಅಂಥದ್ದೇ. ಅವಳ ಮಗನಿಗೆ ಏಳು ವರ್ಷ. ಆಟಿಸಂ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿ ತೋರಿಸಲು ಮಗುವನ್ನು ಕರೆದುಕೊಂಡು ಬರುತ್ತಿರುತ್ತಾಳೆ. ಇವನು ಹಟ ಮಾಡುವುದಲ್ಲ ಸೋದರಿಯರೇ. ನಮಗೆ ಹತ್ತರಷ್ಟು ಕೇಳುವುದು ಅವನಿಗೆ ನೂರರಷ್ಟು ಕೇಳುತ್ತದೆ, ಅಷ್ಟೆ. ಕುಕ್ಕರ್ ಕೂಗಿದರೆ ಹಿತ್ತಿಲಿಗೆ ಓಡುತ್ತಾನೆ. ಒಗ್ಗರಣೆ ಘಾಟಿಗೆ ಮೂಗು ಹಿಡಿದು ಕೂತುಬಿಡುತ್ತಾನೆ. ಹೊಸ ಅಂಗಿಯ ಕತ್ತಿನ ಪಟ್ಟಿಯ ಚೀಟಿ ಕತ್ತರಿಸದಿದ್ದರೆ ತೊಡುವುದಿಲ್ಲ. ಇಡ್ಲಿ ತಿನ್ನುತ್ತಾನೆ, ಚಟ್ನಿ ಸೋಕಿದ ಇಡ್ಲಿಯನ್ನು ಮುಟ್ಟುವುದಿಲ್ಲ. ಎಲ್ಲ ಮಕ್ಕಳೂ ಹೀಗೇ ಅಂತಲ್ಲ. ಕೆಲವಕ್ಕೆ ಸದ್ದು ಸಾಲದು, ಎಲ್ಲವನ್ನೂ ಮುಟ್ಟಬೇಕು, ಗಿರಗಿರನೆ ತಿರುಗಬೇಕು.

ತಂಗಿಯ ಅತ್ತೆ, “ಮನೇಲೇ ಇಟ್ಕೊಳ್ಳಮ್ಮ, ಜನರ ಬಾಯಿಗೆ ಯಾಕೆ ಬೀಳೋದು” ಎನ್ನುತ್ತಿದ್ದರು. ಹಿರಿಯರು, ಮೊಮ್ಮಗನ ಮೇಲಿನ ಕಕ್ಕುಲತೆಯಿಂದಲೇ ಅಂದದ್ದು. ಆದರೆ ಅವನಿಗೊಬ್ಬಳು ಅಕ್ಕ ಇದ್ದಾಳಲ್ಲ, ಹತ್ತು ವರ್ಷದವಳು! ತಮ್ಮನ ಸಲುವಾಗಿ ಅವಳೂ ಜಾತ್ರೆ ನೋಡಲಿಲ್ಲ, ಮದುವೆಮನೆ ನೋಡಲಿಲ್ಲ. ಅಮ್ಮನೂ ಅಷ್ಟೆ. ಒಂದು ಮಗುವನ್ನು ಮನೆಯಲ್ಲಿ ಇಟ್ಟುಕೊಂಡರೆ ಮೂವರು ಒಳಗೆ ಉಳಿಯುತ್ತಾರೆ. ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಕಳೆದ ಸಲ ಅವರು ಸಂಸ್ಥೆಗೆಂದು ಬಂದಾಗ ನಾನೇ ಹೊರಡಿಸಿದೆ. ಸಿದ್ಧತೆ ವಾರದ ಮೊದಲೇ ಶುರು. ಹುಡುಗಿ ಒಂದು ಉದ್ದ ಕಾಗದದಲ್ಲಿ ಸಾಲಾಗಿ ಚಿತ್ರ ಬರೆದಳು: ಆಟೋ, ಗೇಟು, ಜಿರಾಫೆ, ಆನೆ, ಮನೆ. ಮುಂದೆ ಏನಾಗುತ್ತದೆಂದು ತಿಳಿದಿದ್ದರೆ ಇಂಥ ಮಕ್ಕಳಿಗೆ ಅರ್ಧ ಭಯ ಇಳಿಯುತ್ತದೆ. ಎರಡೇ ಪ್ರಾಣಿ ಸಾಕೆಂದು ನಾವು ಮೊದಲೇ ತೀರ್ಮಾನಿಸಿದ್ದೆವು. ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದೇವೆ, ಎಲ್ಲವನ್ನೂ ನೋಡಿಯೇ ತೀರಬೇಕು ಎಂಬ ಹಟ ಇರುವುದು ಮಕ್ಕಳಿಗಲ್ಲ, ನಮಗೆ!

ಜಿರಾಫೆಯನ್ನು ಆರಿಸಿದ್ದಕ್ಕೆ ಕಾರಣವಿದೆ. ಅದರ ದನಿ ನಮ್ಮ ಕಿವಿಗೆ ಬೀಳುವುದೇ ಅಪರೂಪ, ನಡಿಗೆಯೂ ನಿಧಾನ. ಹುಲಿ, ಸಿಂಹಗಳ ಹತ್ತಿರ ನಾತ ಜಾಸ್ತಿ, ಜನರ ಕೇಕೆಯೂ ಜಾಸ್ತಿ. ಸಿಂಹ ಒಮ್ಮೆ ಗರ್ಜಿಸಿದರೆ ದೊಡ್ಡವರಿಗೇ ಎದೆ ಝಲ್ಲೆನ್ನುತ್ತದೆ. ಅದನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಿ.

ಬಾಗಿಲು ತೆಗೆಯುವುದು ಬೆಳಿಗ್ಗೆ ಎಂಟೂವರೆಗೆ. ವಾರದ ನಡುವೆ ಆ ಹೊತ್ತಿಗೇ ಹೋದರೆ ಶಾಲಾ ಪ್ರವಾಸದ ಗುಂಪುಗಳು ಬರುವ ಮೊದಲು ಒಂದು ಗಂಟೆ ನೆಮ್ಮದಿ ಸಿಗುತ್ತದೆ. ಭಾನುವಾರ, ದಸರಾ ದಿನಗಳು ಬೇಡವೇ ಬೇಡ. ನಡೆದು ಸುಸ್ತಾಗುವ ಮಕ್ಕಳಿಗೆ ಒಳಗೆ ಬ್ಯಾಟರಿ ಗಾಡಿ ಇದೆ. ಪ್ಲಾಸ್ಟಿಕ್ ಒಯ್ಯುವ ಹಾಗಿಲ್ಲ, ನೀರಿಗೆ ಸ್ಟೀಲ್ ಬಾಟಲಿ ಇರಲಿ. ಹೊಟ್ಟೆಗೆ ಮಾತ್ರ ಹೊರಡುವ ಮುಂಚೆಯೇ ಹಾಕಿಬಿಡಿ. ಹಸಿದ ಮಗುವಿಗೆ ಸದ್ದು ಇನ್ನೂ ಜೋರಾಗಿ ಕೇಳುತ್ತದೆ.

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಕಲ್ಚರ್‌ಸಿಟಿ ಎಂಬ ಸೇವಾಸಂಸ್ಥೆ ಇದೆ. ಅಲ್ಲಿನ ಮೃಗಾಲಯವೂ ಸೇರಿ ಎಷ್ಟೋ ಮೃಗಾಲಯಗಳ ಸಿಬ್ಬಂದಿಗೆ ಇಂಥ ಮಕ್ಕಳ ವಿಷಯದಲ್ಲಿ ಅದು ತರಬೇತಿ ಕೊಟ್ಟಿದೆ. ಇಂಥ ಕಡೆ ಮಗುವಿಗೆ ಒಂದು ಚೀಲ ಎರವಲು ಕೊಡುತ್ತಾರೆ, ಹೋಗುವಾಗ ಹಿಂತಿರುಗಿಸಬೇಕು. ಅದರಲ್ಲಿ ಸದ್ದು ತಗ್ಗಿಸುವ ಹೆಡ್‌ಫೋನು, ಕೈಯಲ್ಲಿ ಹಿಸುಕುತ್ತಾ ಇರಲು ಆಟಿಕೆ, ಬೇಕು-ಬೇಡ ತೋರಿಸುವ ಚಿತ್ರದ ಕಾರ್ಡು. ಎಲ್ಲಿ ಗಲಾಟೆ ಹೆಚ್ಚು, ಎಲ್ಲಿ ಸದ್ದಿಲ್ಲದೆ ಕೂರಬಹುದು ಎಂದು ಫಲಕಗಳೂ ಉಂಟು.

ನಾವು ಅಂಥದ್ದೇ ಒಂದು ಬಟ್ಟೆ ಚೀಲ ಮನೆಯಲ್ಲೇ ಮಾಡಿದೆವು. ಹೆಡ್‌ಫೋನನ್ನು ನನ್ನ ಮಗ ಕೊಡಿಸಿದ. ಹೊರಡುವ ದಿನವೇ ಹಾಕಿದರೆ ಮಗು ಕಿತ್ತು ಬಿಸಾಡುತ್ತದೆ, ಮನೆಯಲ್ಲಿ ಮೊದಲೇ ರೂಢಿ ಮಾಡಿಸಿ. ಬಿಸಿಲಿಗೆ ಅಂಚಿರುವ ಟೊಪ್ಪಿ. ಅವನಮ್ಮನ ಹಳೆಯ ಹತ್ತಿ ಸೀರೆಯ ಒಂದು ತುಂಡು, ಒಗೆಯದ್ದು! ನಾತ ಬಂದಾಗ ಮೂಗಿಗೆ ಹಿಡಿದುಕೊಂಡರೆ ಅಮ್ಮನ ವಾಸನೆ. ‘ನೀರು’, ‘ಬಾತ್‌ರೂಮು’, ‘ಸಾಕು’ ಎಂಬ ಮೂರು ಚಿತ್ರ. ಜೇಬಿನಲ್ಲಿ ಹೆಸರು, ಅಮ್ಮನ ಫೋನ್ ನಂಬರು ಬರೆದ ಚೀಟಿ, ಏಕೆಂದರೆ ಗಾಬರಿಯಾದರೆ ಈ ಮಕ್ಕಳು ಓಡಿಬಿಡುತ್ತವೆ.

ಜಿರಾಫೆಯ ಮುಂದೆ ಅವನು ಇಪ್ಪತ್ತು ನಿಮಿಷ ನಿಂತ. ಅಷ್ಟು ಹೊತ್ತು ಅವನು ಒಂದೇ ಕಡೆ ನಿಂತದ್ದನ್ನು ನನ್ನ ತಂಗಿ ನೋಡಿರಲೇ ಇಲ್ಲವಂತೆ. ಆನೆಯ ಕಡೆ ಹೋಗುವಾಗ ಯಾರೋ ಪೀಪಿ ಊದಿದರು. ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಕಿರುಚಿದ. ಪಕ್ಕದಲ್ಲಿದ್ದ ಒಬ್ಬಾಕೆ, “ಎರಡು ಬಿಟ್ರೆ ಸರಿಹೋಗ್ತಾನೆ” ಎಂದರು. ತಂಗಿಯ ಮುಖ ನೋಡಬೇಕಿತ್ತು. ನಾವು ಅವನನ್ನು ಮರದ ನೆರಳಿಗೆ ಕರೆದೊಯ್ದು, ಮಾತಾಡದೆ, ಮುಟ್ಟದೆ, ಸುಮ್ಮನೆ ಕೂತೆವು. ಹತ್ತು ನಿಮಿಷದ ಮೇಲೆ ಹುಡುಗಿಗೆ ‘ಸಾಕು’ ಚಿತ್ರ ತೋರಿಸಿದ. ಅದನ್ನು ತಾನಾಗಿ ತೋರಿಸಿದ್ದು ಅವತ್ತೇ ಮೊದಲು. ಆನೆ ಬಾಕಿ ಉಳಿಯಿತು.

ಮಿಕ್ಕ ಸೋದರಿಯರಿಗೆ ನಾನು ಹೇಳುವುದು ಇಷ್ಟೇ: ಮಗು ಹಾಗೆ ಬಿದ್ದು ಕಿರುಚುವಾಗ ಸುತ್ತ ನಿಂತು ನೋಡಬೇಡಿ, ಬುದ್ಧಿ ಹೇಳಬೇಡಿ, ನಿಮ್ಮ ಮಕ್ಕಳ ಪೀಪಿಯನ್ನು ಮನೆಯಲ್ಲಿ ಬಿಟ್ಟು ಬನ್ನಿ. ದೊಡ್ಡ ದನಿಯಲ್ಲಿ ಕೂಗಿದರೆ ಪ್ರಾಣಿಗಳಿಗೂ ಹಿಂಸೆಯೇ ತಾನೆ? ಸರ್ಕಾರ 2016ರಲ್ಲಿ ಮಾಡಿದ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಸೇರಿದೆ. ಗಾಲಿ ಕುರ್ಚಿಗೆ ಇಳಿಜಾರು ದಾರಿ ಕೇಳುವ ಹಾಗೆ, ಸದ್ದಿಲ್ಲದ ಒಂದು ಮೂಲೆಯನ್ನೂ ಕೇಳಬಹುದು. ಯಾವ ಊರಿನ ಮೃಗಾಲಯಕ್ಕೆ ಹೋದರೂ ಅಲ್ಲಿಯ ಅಧಿಕಾರಿಗಳಿಗೆ ಒಂದು ಕಾಗದ ಬರೆದು ಕೊಟ್ಟು ಬನ್ನಿ. ನಾಲ್ಕು ಸಾಲು ಸಾಕು.

ಝೂ ಪಕ್ಕದ ಕಾರಂಜಿ ಕೆರೆಯನ್ನೂ ಮರೆಯಬೇಡಿ. ಚಿಟ್ಟೆ, ಹಕ್ಕಿ, ನೀರು, ನೆರಳು ಎಲ್ಲ ಇದೆ. ಮೊದಲ ಸಲಕ್ಕೆ ಅದೇ ಸಾಕಾದೀತು.

ಅಂದಹಾಗೆ, ಮೃಗಾಲಯಕ್ಕೆ ಮಂಗಳವಾರ ರಜೆ. ಚಿತ್ರದ ಪಟ್ಟಿ ತೋರಿಸಿ ಕರೆದುಕೊಂಡು ಹೋದ ಮೇಲೆ ಗೇಟು ಮುಚ್ಚಿದ್ದರೆ ಆ ಮಗುವಿಗೆ ಸಮಾಧಾನ ಹೇಳಲಾಗುವುದಿಲ್ಲ. ದಿನ ನೋಡಿಕೊಂಡು ಹೊರಡಿ.