ಪರಾಭವ ಸಂವತ್ಸರಕ್ಕೆ ಮುಂಚೆ ನಮ್ಮ ಜಮಾ-ಖರ್ಚು



ಪಟ್ಟಣದವರ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಸೊಸೈಟಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಮ್ಮ ವರ್ಷ ಯುಗಾದಿಗೆ. 2026ರ ಯುಗಾದಿ ಮಾರ್ಚ್ 19ಕ್ಕೆ ಬಿದ್ದಿದೆ. ಅಂದರೆ ಹೊನ್ನಾರು ಹೂಡಿ ಹನ್ನೆರಡು ದಿನಕ್ಕೆ ನಮ್ಮಲ್ಲಿ ಬಹಳ ಮಂದಿಗೆ ಸಾಲದ ವಾಯಿದೆ. ವಿಶ್ವಾವಸು ಹೋಗಿ ಪರಾಭವ ಸಂವತ್ಸರ ಬರುತ್ತದೆ. ಪರಾಭವ ಅಂದರೆ ಸೋಲು. ಪಂಚಾಂಗ ಓದುವವರು ಇದಕ್ಕೂ ಏನಾದರೂ ಒಂದು ಸಮಾಧಾನ ಹೇಳಿಯಾರು, ಅದು ಅವರ ಕೆಲಸ. ಅರವತ್ತು ವರ್ಷದ ಹಿಂದೆ, 1966ರಲ್ಲಿ, ಇದೇ ಸಂವತ್ಸರ ಬಂದಿತ್ತು. ಅದೇ 1966ರಲ್ಲಿ ನಮ್ಮ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಆಯಿತು. ಅದಕ್ಕೆ ಒಂದು ವರ್ಷ ಮುಂಚೆ, 1965ರಲ್ಲಿ, ದಿಲ್ಲಿಯಲ್ಲಿ ಕೃಷಿ ಬೆಲೆ ಆಯೋಗ ಹುಟ್ಟಿತು. ಒಂದು ಬೆಲೆ ಹೇಳುವುದಕ್ಕೆ, ಇನ್ನೊಂದು ಮೋಸವಿಲ್ಲದೆ ಮಾರಿಸುವುದಕ್ಕೆ. ಎರಡಕ್ಕೂ ಅರವತ್ತು ತುಂಬಿತು. ಈ ಅರವತ್ತರ ಲೆಕ್ಕ ಹೋಗಲಿ, 2025ರ ಒಂದು ವರ್ಷದ ಲೆಕ್ಕವನ್ನಾದರೂ ನೋಡೋಣ.

2024ರಲ್ಲಿ ಗೋವಿನಜೋಳಕ್ಕೆ ಬೆಲೆ ಚೆನ್ನಾಗಿತ್ತು. ಎಥನಾಲ್ ಬಂತು, ಇನ್ನು ಜೋಳಕ್ಕೆ ಬೆಲೆ ಇಳಿಯುವ ಮಾತೇ ಇಲ್ಲ ಅಂತ ಮಂತ್ರಿಗಳೂ ಹೇಳಿದರು, ಬೀಜದ ಕಂಪನಿಯವರೂ ಊರೂರಿಗೆ ಬಂದು ಹೇಳಿದರು. ಹಾವೇರಿ, ದಾವಣಗೆರೆ, ಗದಗ ಕಡೆ ಹೆಸರು, ಹತ್ತಿ, ಶೇಂಗಾ ಇದ್ದ ಹೊಲಕ್ಕೂ ಗೋವಿನಜೋಳವೇ ಬಿತ್ತು. ಜುಲೈ ಬಂದಾಗ ಯೂರಿಯಾ ಇಲ್ಲ. ಕೊಪ್ಪಳದಲ್ಲಿ, ಗದಗದಲ್ಲಿ ಬೆಳಗಿನ ಜಾವದಿಂದ ಸಾಲು ನಿಂತದ್ದನ್ನು ಎಲ್ಲರೂ ನೋಡಿದ್ದೀರಿ. ಚೀಲದ ಮೇಲೆ ಅಚ್ಚು ಹಾಕಿದ ದರ 266 ರೂಪಾಯಿ 50 ಪೈಸೆ. ಆ ದರಕ್ಕೆ ಸಿಕ್ಕಿತು ಅನ್ನುವವರು ಕೈ ಎತ್ತಲಿ! ಚೀಲದ ಜೊತೆಗೆ ಬೇಡದ ಬಾಟಲಿಯೊಂದನ್ನು ಕಟ್ಟಿ ಕೊಟ್ಟರು, ಬೇಡ ಅಂದರೆ ಯೂರಿಯಾನೂ ಇಲ್ಲ ಅಂದರು.

ಇಷ್ಟೆಲ್ಲಾ ಆಗಿ ಪೀಕು ಮನೆಗೆ ಬಂದಾಗ ಪೇಟೆಯಲ್ಲಿ ಕ್ವಿಂಟಾಲಿಗೆ 1,600ರಿಂದ 1,800. ಕೇಂದ್ರ ಸರ್ಕಾರ ಸಾರಿದ ಬೆಂಬಲ ಬೆಲೆ 2,400. ಆ ಬೆಲೆ ಸಾರುವಾಗ ಕೇಂದ್ರವೇ ಒಂದು ಕ್ವಿಂಟಾಲ್ ಬೆಳೆಯುವ ಖರ್ಚು 1,508 ರೂಪಾಯಿ ಅಂತ ಬರೆದಿದೆ. ಈ 1,508ರೊಳಗೆ ಬೀಜ, ಗೊಬ್ಬರ, ಆಳು ಮತ್ತು ಮನೆಯವರ ದುಡಿಮೆ ಸೇರಿವೆ. ಸ್ವಂತ ಹೊಲದ ಗುತ್ತಿಗೆ ಬಾಬ್ತು, ಹಾಕಿದ ಬಂಡವಾಳದ ಬಡ್ಡಿ ಸೇರಿಲ್ಲ. ಅಂಗಡಿ ಇಟ್ಟವನು ತನ್ನ ಮಳಿಗೆಯ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ಇರುತ್ತಾನೆಯೇ? ನಾವು ಮಾತ್ರ ಹಿಡಿಯಬಾರದಂತೆ. ಸ್ವಾಮಿನಾಥನ್ ಆಯೋಗ 2006ರಲ್ಲಿ ಖರ್ಚಿನ ಮೇಲೆ ಕನಿಷ್ಠ ಅರ್ಧ ಸೇರಿಸಿ ಕೊಡಿ ಅಂದಿತು. 2018ರ ಬಜೆಟ್ಟಿನಲ್ಲಿ ಕೊಟ್ಟೆವು ಅಂತ ಹೇಳಿಕೊಂಡರು. ಕೊಟ್ಟದ್ದು ಈ ಚಿಕ್ಕ ಖರ್ಚಿನ ಮೇಲೆ. ಹೋಗಲಿ, ಅದನ್ನಾದರೂ ಪೇಟೆಯಲ್ಲಿ ಕೊಡಿಸಿದರೇ?

ನನ್ನ ಲೆಕ್ಕದ ಪುಸ್ತಕದಿಂದ ಒಂದು ಎಕರೆಯ ಬಾಬ್ತು ಬರೆಯುತ್ತೇನೆ, ನಿಮ್ಮದರ ಜೊತೆ ತಾಳೆ ನೋಡಿ. ಟ್ರ್ಯಾಕ್ಟರ್ ಉಳುಮೆ, ಬಿತ್ತನೆ 4,000. ಬೀಜ 3,400. ಗೊಬ್ಬರ 5,000. ಕಳೆ ಔಷಧಿ, ಎಡೆ ಹೊಡೆಯುವುದು 3,000. ಮುರಿಯುವುದು, ಮಶಿನ್ನಿಗೆ ಹಾಕುವುದು 6,000. ಚೀಲ, ಬಾಡಿಗೆ, ಹಮಾಲಿ 2,000. ಒಟ್ಟು 23,400. ಬಂದದ್ದು 17 ಕ್ವಿಂಟಾಲ್. ಮಾರಿದ್ದು 1,700ರಂತೆ, 28,900. ಉಳಿದದ್ದು 5,500 ರೂಪಾಯಿ. ಗಂಡ-ಹೆಂಡತಿ ಇಬ್ಬರೂ ಐದು ತಿಂಗಳು ಹೊಲದಲ್ಲಿ ಇದ್ದದ್ದಕ್ಕೆ ಎಕರೆಗೆ 5,500. ಬೆಂಬಲ ಬೆಲೆ ಸಿಕ್ಕಿದ್ದರೆ ಇದೇ ಜೋಳಕ್ಕೆ 40,800 ಬರುತ್ತಿತ್ತು. 11,900 ರೂಪಾಯಿ ಒಂದೇ ಎಕರೆಯಲ್ಲಿ ಹೋಯಿತು. ಐದು ಎಕರೆಯವನಿಗೆ ಸುಮಾರು 60,000. ಸೊಸೈಟಿಯಲ್ಲಿ ಅವನ ಹೆಸರಿಗೆ ಇರುವ ಸಾಲ ಎಷ್ಟು ಅಂತ ಕೇಳಿ ನೋಡಿ, ಇದರ ಆಸುಪಾಸಿನಲ್ಲೇ ಇರುತ್ತದೆ. ಸಾಲ ಬೇರೆ, ಬೆಲೆ ಬೇರೆ ಅಂತ ಭಾಷಣ ಮಾಡುವವರು ಈ ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಎಥನಾಲ್ ಕಥೆ ಕೇಳಿ. ಗೋವಿನಜೋಳದ ಎಥನಾಲಿಗೆ ಸರ್ಕಾರವೇ ಲೀಟರಿಗೆ 71 ರೂಪಾಯಿ 86 ಪೈಸೆ ಗೊತ್ತು ಮಾಡಿತು. ಒಂದು ಕ್ವಿಂಟಾಲಿಗೆ ಸುಮಾರು 38 ಲೀಟರ್ ಬರುತ್ತದೆ. ಗುಣಿಸಿದರೆ 2,700ರ ಮೇಲಾಯಿತು, ಉಳಿಯುವ ಹಿಂಡಿಯ ದುಡ್ಡು ಬೇರೆ. ಕಾರ್ಖಾನೆಗೂ ಖರ್ಚಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅವರ ಮಾಲಿಗೆ ಪೈಸೆಯ ಲೆಕ್ಕದಲ್ಲಿ ಖಾತ್ರಿ ಬೆಲೆ, ಅವರು ಕೊಳ್ಳುವ ನಮ್ಮ ಮಾಲಿಗೆ ಮಾತ್ರ ಸವಾಲಿನ ಬೆಲೆ. ಇದು ಯಾವ ನ್ಯಾಯ? ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತ ಮೇಲೆ, ಮುಖ್ಯಮಂತ್ರಿಗಳು ನವೆಂಬರಿನಲ್ಲಿ ಪ್ರಧಾನಿಗೆ ಕಾಗದ ಬರೆದ ಮೇಲೆ, ಹಾಲು ಮಹಾಮಂಡಳದ ಪಶು ಆಹಾರಕ್ಕೆ ಕೊಳ್ಳುವ ಏರ್ಪಾಡು, ಡಿಸ್ಟಿಲರಿಗಳಿಗೆ ಹೇಳುವ ಏರ್ಪಾಡು ಎಲ್ಲ ಆಯಿತು. ಅಷ್ಟು ಹೊತ್ತಿಗೆ ಕಣ ಇಲ್ಲದವರು, ಕೈಸಾಲ ಇದ್ದವರು ಮಾರಿ ಮನೆಗೆ ಹೋಗಿದ್ದರು. ಕೊಳ್ಳುವ ಕೇಂದ್ರ ತಡವಾಗಿ ತೆರೆದರೆ ಲಾಭ ಆಗುವುದು ಗೋದಾಮಿನಲ್ಲಿ ತುಂಬಿಟ್ಟವರಿಗೆ.

ಅದೇ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನವರು ರಸ್ತೆಯಲ್ಲಿ ಕೂತರು. ಕೇಳಿದ್ದು ಟನ್ನಿಗೆ 3,500. ಸರ್ಕಾರ ಒಪ್ಪಿಸಿದ್ದು 3,300, ಅದೂ ರಿಕವರಿಯ ಷರತ್ತು ಅಂಟಿಸಿ. ಪೂರ್ತಿ ಗೆಲುವು ಅಂತ ನಾನು ಹೇಳುವುದಿಲ್ಲ. ಆದರೆ ಮುಖ್ಯಮಂತ್ರಿಗಳೇ ಕಾರ್ಖಾನೆಯವರನ್ನು ಕರೆದು ಕೂರಿಸಬೇಕಾಯಿತು. ನಮಗೆ ಯಾಕೆ ಹಾಗೆ ಆಗಲಿಲ್ಲ? ಕಬ್ಬಿನವರು ಸಾವಿರಾರು ಮಂದಿ, ಬಾಗಿಲು ಒಂದು. ಅವರು ಕಡಿಯದಿದ್ದರೆ ಕಾರ್ಖಾನೆಯ ಗಾಲಿ ತಿರುಗುವುದಿಲ್ಲ. ಗೋವಿನಜೋಳದವರು ಒಬ್ಬೊಬ್ಬರೇ ಒಂದೊಂದು ಟ್ರ್ಯಾಕ್ಟರ್ ತುಂಬಿಕೊಂಡು ಹೋಗುತ್ತೇವೆ. ಒಬ್ಬ 1,700ಕ್ಕೆ ಬೇಡ ಅಂತ ಹೊರಟರೆ ಹಿಂದೆ ನಿಂತವನು 1,680ಕ್ಕೆ ಕೊಡುತ್ತಾನೆ. ದಲಾಲಿಗೆ ಇದು ಚೆನ್ನಾಗಿ ಗೊತ್ತು. ಹಸಿರು ಶಾಲು ಹೆಗಲ ಮೇಲೆ ಹಾಕಿಕೊಂಡವರೂ ಆ ಸಾಲಿನಲ್ಲಿ ಬೇರೆಬೇರೆಯಾಗಿಯೇ ನಿಲ್ಲುತ್ತಾರೆ. ಸಂಘ ಎಷ್ಟು ಹೋಳಾಗಿದೆ ಅಂತ ಎಣಿಸುವುದಕ್ಕೆ ನನಗೆ ಪುರುಸೊತ್ತಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡಿಗೆ ಬಿದ್ದವರು ಯಾವ ಬಣದವರು ಅಂತ ಯಾರೂ ಕೇಳಲಿಲ್ಲ, ಆದರೆ ಪ್ರತಿ ಜುಲೈಯಲ್ಲಿ ಅವರಿಗೆ ಹಾರ ಹಾಕುವುದು ಮಾತ್ರ ಬಣಬಣವಾಗಿ.

ಈಗ ಸಾಲದ ಮಾತು. ಸೊಸೈಟಿ ಸಾಲಕ್ಕೆ ಬಡ್ಡಿ ಇಲ್ಲ ಅಂತ ಬೋರ್ಡು ಹಾಕಿದ್ದಾರೆ. 2023ರ ಬಜೆಟ್ಟಿನಲ್ಲಿ ಆ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದೂ ನಿಜ. ಆದರೆ ವಾಯಿದೆಗೆ ಸರಿಯಾಗಿ ಕಟ್ಟಿದವರಿಗೆ ಮಾತ್ರ ಬಡ್ಡಿ ಇಲ್ಲ. ಬಡ್ಡಿಯನ್ನು ಸರ್ಕಾರ ತುಂಬುವುದು ಹೊತ್ತಿಗೆ ತೀರಿದ ಸಾಲಕ್ಕೆ, ದಿನ ತಪ್ಪಿದರೆ ಬಡ್ಡಿ ನಮ್ಮ ತಲೆಗೆ. ಮಾರ್ಚಿನಲ್ಲಿ ಯಾರ ಕೈಯಲ್ಲಿ ಲಕ್ಷ ರೂಪಾಯಿ ಇರುತ್ತದೆ? ನವೆಂಬರಿನಲ್ಲಿ ಬಂದದ್ದು ಅಂಗಡಿ ಬಾಕಿಗೆ, ಹುಡುಗರ ಫೀಸಿಗೆ ಆಗಲೇ ಹೋಗಿರುತ್ತದೆ. ಹಾಗಾಗಿ ಊರಿನ ಸಾಹುಕಾರನ ಹತ್ತಿರ ಲಕ್ಷ ರೂಪಾಯಿ ಕೈಗಡ ತಂದು ಬೆಳಿಗ್ಗೆ ಕಟ್ಟುವುದು, ಹೊಸ ಸಾಲ ಬಂದ ದಿನ ಅವನಿಗೆ ಎಣಿಸಿ ಕೊಡುವುದು. ನೂರಕ್ಕೆ ಮೂರು ರೂಪಾಯಿ. ಎಂಟೇ ದಿನ ಇಟ್ಟುಕೊಂಡರೂ ತಿಂಗಳ ಬಡ್ಡಿ 3,000 ಕೊಡಲೇಬೇಕು. ಹೊಸ ಸಾಲ ಮಂಜೂರಾಗುವುದು ನಲವತ್ತು ದಿನ ತಡವಾಯಿತೋ, ಎರಡು ತಿಂಗಳದ್ದು 6,000. ಬಡ್ಡಿಯಿಲ್ಲದ ಸಾಲಕ್ಕೆ ನೂರಕ್ಕೆ ಆರು ಬಿತ್ತು. ಹೀಗೆ ವರ್ಷಾ ಒಂದು ವಾರ ಕೂತಲ್ಲೇ ಊರಿಡೀ ದುಡಿಯುವವನು ಸಾಹುಕಾರ. ಸೊಸೈಟಿಯ ವಸೂಲಿ ಮಾತ್ರ ಕಾಗದದ ಮೇಲೆ ನೂರಕ್ಕೆ ನೂರು, ಕಾರ್ಯದರ್ಶಿಗೆ ಶಭಾಸ್‌ಗಿರಿ.

ಮನೆ ಹೆಂಗಸರ ಹೆಸರಿನ ವಾರದ ಸಾಲ ಇದಕ್ಕಿಂತ ಕಷ್ಟದ್ದು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು, 10 ವರ್ಷದ ತನಕ ಜೈಲು ಅಂದಿತು. ಒಳ್ಳೆಯದೇ. ಬಾಗಿಲಲ್ಲಿ ನಿಂತು ಬೈಯುವವನನ್ನು ಕಾಯಿದೆ ಓಡಿಸಬಹುದು, ಸಾಲ ಯಾಕೆ ಬೇಕಾಯಿತು ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ. ಭೀಮಾ ತೀರದ ನಮ್ಮ ಕಲಬುರಗಿ, ವಿಜಯಪುರದ ಬಂಧುಗಳ ತೊಗರಿ, ಹತ್ತಿ 2025ರ ಮಳೆಗಾಲದಲ್ಲಿ ನೀರಲ್ಲಿ ನಿಂತಿತು. ಒಣಬೇಸಾಯಕ್ಕೆ ಹೆಕ್ಟೇರಿಗೆ ಒಟ್ಟು 17,000 ರೂಪಾಯಿ ಪರಿಹಾರ ಸಾರಿದರು. ಎಕರೆಗೆ ಏಳು ಸಾವಿರದ ಒಳಗೇ ಆಯಿತು. ಮೇಲೆ ಬರೆದ ನನ್ನ ಎಕರೆ ಖರ್ಚನ್ನು ಇನ್ನೊಮ್ಮೆ ನೋಡಿ.

ಇಷ್ಟು ಹಿಂದಿನದು. ಮುಂದಿನ ವರ್ಷಕ್ಕೆ ಸಾಲಮನ್ನಾ ಕೇಳೋಣ ಅಂತ ಕೆಲವರು ಈಗಲೇ ಶುರು ಮಾಡಿದ್ದಾರೆ. 2008ರಲ್ಲಿ ಆಯಿತು, 2017ರಲ್ಲಿ ಆಯಿತು, 2018ರಲ್ಲಿ ಆಯಿತು. ಬೇಡ ಅನ್ನಲಾರೆ, ಮುಳುಗುವವನಿಗೆ ಹಗ್ಗ ಬೇಡ ಅನ್ನುವವನು ಮನುಷ್ಯನಲ್ಲ. ಆದರೆ ಮನ್ನಾ ಆದವನು ಮೂರನೇ ವರ್ಷಕ್ಕೆ ಮತ್ತೆ ಅದೇ ಸೊಸೈಟಿ ಮೆಟ್ಟಿಲ ಮೇಲೆ ಕೂತಿದ್ದಾನೆ. ಅದಕ್ಕೇ ನಮ್ಮ ಮೊದಲ ಬೇಡಿಕೆ ಬೆಂಬಲ ಬೆಲೆಗೆ ಕಾಯಿದೆಯ ಬಲ ಇರಬೇಕು, ಕೊಳ್ಳುವ ಕೇಂದ್ರ ಪೀಕು ಬರುವುದಕ್ಕೆ ಮುಂಚೆ ತೆರೆಯಬೇಕು ಅನ್ನುವುದಾಗಿರಲಿ. ದಿಲ್ಲಿಯ ಗಡಿಯಲ್ಲಿ ಒಂದು ವರ್ಷ ಕೂತವರು 2021ರ ನವೆಂಬರಿನಲ್ಲಿ ಮೂರು ಕಾಯಿದೆ ವಾಪಸು ಮಾಡಿಸಿದರು, ಈ ನಾಲ್ಕನೆಯದನ್ನು ತರಿಸುವುದು ಬಾಕಿ ಉಳಿಯಿತು.

ಅದು ಆಗುವ ತನಕ ನಮ್ಮ ಕೈಯಲ್ಲಿ ಇರುವುದನ್ನು ಮಾಡೋಣ. ಸೊಸೈಟಿಯ ಸಭೆಗೆ ಹೋಗದೆ ಮನೆಯಲ್ಲಿ ಕೂತು ಆಡಳಿತ ಮಂಡಳಿಯನ್ನು ಬಯ್ಯುವುದು ಸಾಕು. ಈ ಸಲ ಸರ್ವಸದಸ್ಯರ ಸಭೆಗೆ ಎಲ್ಲರೂ ಹೋಗಬೇಕು, ವಾಯಿದೆ ಪೀಕು ಮಾರುವ ಕಾಲಕ್ಕೆ ಬರಲಿ, ಕಟ್ಟಿದವರಿಗೆ ಹೊಸ ಸಾಲ ಎಂಟು ದಿನದೊಳಗೆ ಸಿಗಲಿ ಅಂತ ಬರೆದು ಕೊಟ್ಟು ನಡವಳಿ ಪುಸ್ತಕದಲ್ಲಿ ದಾಖಲು ಮಾಡಿಸಬೇಕು. ಜೊತೆಗೆ ಹತ್ತು ಮನೆಯವರು ಸೇರಿ ಮನೆಗೆ 10,000ದಂತೆ ಹಾಕಿದರೆ ಒಂದು ಲಕ್ಷ ಆಗುತ್ತದೆ. ವಾಯಿದೆಗಳು ಬೇರೆಬೇರೆ ದಿನ ಬೀಳುವಂತೆ ನೋಡಿಕೊಂಡರೆ ಅದೇ ಲಕ್ಷ ಒಬ್ಬರಾದ ಮೇಲೆ ಒಬ್ಬರ ಸಾಲ ತೀರಿಸಿ ತಿರುಗಿ ಬರುತ್ತದೆ. ಸಾಹುಕಾರನಿಗೆ ಹೋಗುವ ಹತ್ತು ಮನೆಯ 30,000 ಊರಲ್ಲೇ ಉಳಿಯುತ್ತದೆ. ಇದಕ್ಕೆ ಮಂತ್ರಿ ಬೇಡ, ನಂಬಿಕೆ ಬೇಕು. ಅದೇ ಕಷ್ಟ ಅಂತೀರಾ? ಇರಬಹುದು.

ಪೇಟೆಯಲ್ಲಿ ಬಿಳಿ ಚೀಟಿ ಮುಟ್ಟಬೇಡಿ. ಪಕ್ಕಾ ಬಿಲ್ಲು ಇಲ್ಲದವನಿಗೆ ಬೆಂಬಲ ಬೆಲೆಗಿಂತ ಕಡಿಮೆಗೆ ಮಾರಿದೆ ಅಂತ ತೋರಿಸುವುದಕ್ಕೂ ಪುರಾವೆ ಇರುವುದಿಲ್ಲ. ರೈತನಿಂದ ಕಮಿಷನ್ ಹಿಡಿಯಕೂಡದು, ಸೂಟು ಅಂತ ಚೀಲಕ್ಕೆ ಇಷ್ಟು ತೂಕ ಮುರಿಯಕೂಡದು. ಮುರಿದರೆ ಅಲ್ಲೇ ಸಮಿತಿಯ ಕಚೇರಿಗೆ ಹೋಗಬೇಕು, ಒಬ್ಬರಲ್ಲ, ಆ ದಿನ ಪೇಟೆಗೆ ಬಂದ ನಮ್ಮ ಊರಿನವರೆಲ್ಲ. ಮುಂಗಾರಿಗೆ ಇದ್ದಬದ್ದ ಹೊಲಕ್ಕೆಲ್ಲ ಗೋವಿನಜೋಳ ಬಿತ್ತುವುದೂ ಬೇಡ, ಒಂದೆರಡು ಎಕರೆಗೆ ತೊಗರಿಯೋ ಹೆಸರೋ ರಾಗಿಯೋ ಹೋಗಲಿ. ಮದುವೆ ಖರ್ಚಿನ ಬಗ್ಗೆ ಈ ಪತ್ರಿಕೆಯಲ್ಲಿ ಎಷ್ಟು ಬರೆದರೂ ಕೇಳುವವರಿಲ್ಲ, ಇಲ್ಲಿಗೆ ಬಿಡುತ್ತೇನೆ.

ಯುಗಾದಿ ಕಳೆದ ಮೊದಲ ಭಾನುವಾರ ಪ್ರತಿ ಊರಿನ ಘಟಕದವರೂ ಗುಡಿಯ ಮುಂದೆ ಸೇರಿ. ಭಾಷಣಕ್ಕೆ ಯಾರನ್ನೂ ಕರೆಸಬೇಡಿ. ಒಬ್ಬೊಬ್ಬರೂ ತಮ್ಮ ಒಂದು ಎಕರೆಯ ಖರ್ಚು, ಮಾರಿದ ದರ, ಸೊಸೈಟಿ ಸಾಲ, ಕೈಸಾಲ, ಈ ನಾಲ್ಕನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಬನ್ನಿ. ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡಲಿ. ಹಾಳೆಗಳನ್ನು ಹೊಲಿದು ತಾಲ್ಲೂಕು ಘಟಕಕ್ಕೆ ಮುಟ್ಟಿಸಿದರೆ ಮೇ ತಿಂಗಳೊಳಗೆ ತಹಸೀಲ್ದಾರರ ಮೇಜಿನ ಮೇಲೆ ನಮ್ಮದೇ ಲೆಕ್ಕ ಇರುತ್ತದೆ.